ಬೀಗದ ಕೈ ಒಳಗೇ ಇತ್ತು

ಜೂನ್ 3

ಚಿನಕುರಳಿ,

ಈ ಕಾಗದ ನೋಡಿ ನೀನು ಮೊದಲು ಹೆದರುತ್ತೀಯ, ಆಮೇಲೆ ನಗುತ್ತೀಯ. ಹೆದರಬೇಡ. ಅಮ್ಮ ಚೆನ್ನಾಗಿದ್ದಾಳೆ, ನನ್ನ ಮಂಡಿನೋವು ಅದರ ಪಾಡಿಗೆ ಅದು ಇದೆ. ನಗುವುದನ್ನು ಮಾತ್ರ ನಾನು ತಡೆಯಲಾರೆ.

ಫೋನಿನಲ್ಲಿ ಕೇಳಲು ನಾಚಿಕೆಯಾಯಿತು. ಹೇಗೂ ನಿಮ್ಮ ಸರ್ವರ್ ಕೇಂದ್ರದೊಳಗೆ ಕೆಲಸಕ್ಕೆ ಹೋಗುವಾಗ ನಿನ್ನ ಫೋನು ಗೇಟಿನ ಪೆಟ್ಟಿಗೆಯಲ್ಲಿರುತ್ತದೆ. ಆಸ್ಪತ್ರೆಯಿಂದ ಮೇಲ್ ಕಳಿಸಿದರೆ ನನ್ನ ಕೈಕೆಳಗಿನವರು ಓದುತ್ತಾರೆ. ಆದ್ದರಿಂದ ಕಾಗದ.

ನಮ್ಮ ಕಂಪ್ಯೂಟರ್ ಕೋಣೆಯ ಹಳೇ ಮಷೀನುಗಳನ್ನು ನೀನು ನೋಡಿದ್ದೀಯ. ಹೊರರೋಗಿಗಳ ಚೀಟಿಗೆ ಒಂದು, ಲ್ಯಾಬ್ ವರದಿಗೆ ಒಂದು, ಔಷಧಿ ದಾಸ್ತಾನಿಗೆ ಒಂದು, ಎಲ್ಲರ ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ನೋಡುವ ಕಾವಲುಗಾರ ಇನ್ನೊಂದು. ಎಲ್ಲವೂ ನನ್ನ ಹಾಗೇ ಏದುಸಿರು ಬಿಡುತ್ತಿವೆ. ಕಳೆದ ಸಭೆಯಲ್ಲಿ ದೊಡ್ಡ ಡಾಕ್ಟರಮ್ಮ, "ಈಗೆಲ್ಲ ಒಂದೇ ದೊಡ್ಡ ಸರ್ವರ್ ತಂದು, ಹಳೇದನ್ನೆಲ್ಲ ಅದರೊಳಗೇ ವರ್ಚುವಲ್ ಮಷೀನ್ ಮಾಡಿ ಇಡ್ತಾರಂತಲ್ಲ, ನಮ್ಮಲ್ಲಿ ಯಾರಿಗೆ ಬರುತ್ತೆ?" ಎಂದು ಕೇಳಿದರು. ವಿಭಾಗದ ಮೇಲ್ವಿಚಾರಕ ನಾನು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. "ಅದೇನು ಮಹಾ, ನಾನೇ ಮಾಡ್ತೀನಿ ಮೇಡಂ" ಅಂದುಬಿಟ್ಟೆ.

ನನಗೆ ಅದರ ಗಂಧಗಾಳಿಯೂ ಇಲ್ಲ ಮಗಳೇ.

ಸರ್ವರ್ ಬಂದಿದೆ. ಪುಸ್ತಕ ನೋಡಿ ನೋಡಿ ತಂತ್ರಾಂಶ ಹಾಕಿದೆ. 'ಈ ಯಂತ್ರದಲ್ಲಿ ವರ್ಚುವಲ್ ಮಷೀನ್ ನಡೆಸುವ ಸೌಲಭ್ಯ ಲಭ್ಯವಿಲ್ಲ' ಎಂದು ತೋರಿಸಿತು. ಕೋಪ ಬಂತು. ಮಾರಿದವನಿಗೆ ಫೋನ್ ಮಾಡಿ, ಕೈಕೆಳಗಿನವರ ಎದುರಿಗೇ, ಹಾಳು ಮಾಲು ಕೊಟ್ಟಿದ್ದೀಯ ಎಂದು ಬಾಯಿಗೆ ಬಂದಂತೆ ಬೈದೆ. ಅವನು ಏನೋ ಹೇಳಲು ಬಂದ, ನಾನು ಬಿಡಲಿಲ್ಲ. ಬೈದು ಮುಗಿದ ಮೇಲೆ ಯಾಕೋ ಅನುಮಾನ ಹತ್ತಿದೆ. ನೀನು ದಿನವೂ ಇಂಥವನ್ನು ಜೋಡಿಸುತ್ತೀಯಲ್ಲ, ತಪ್ಪು ಯಂತ್ರದ್ದೋ ನನ್ನದೋ ಹೇಳು.

ಅಮ್ಮನಿಗೆ ತಿಳಿಸಬೇಡ.

ನಿನ್ನ
ಅಪ್ಪ


ಜೂನ್ 9

ಅಪ್ಪಾ,

ನಕ್ಕೆ. ಊಟದ ಕೋಣೆಯಲ್ಲಿ ಕೂತು ಎಲ್ಲರೂ ತಿರುಗಿ ನೋಡುವ ಹಾಗೆ ನಕ್ಕೆ. ಆಮೇಲೆ ಆ ಮಾರಿದವನನ್ನು ನೆನೆದು ಪಾಪ ಅನಿಸಿತು.

ತಪ್ಪು ಯಂತ್ರದ್ದಲ್ಲ. ಆ ಸೌಲಭ್ಯ ಒಳಗೇ ಇದೆ, ಮುಚ್ಚಿ ಕಳಿಸಿದ್ದಾರೆ ಅಷ್ಟೆ. ಎಷ್ಟೋ ಮಷೀನುಗಳು ಹಾಗೇ ಬರುತ್ತವೆ. ಸರ್ವರ್ ಆನ್ ಮಾಡಿದ ತಕ್ಷಣ, ಬೇರೆ ಏನೂ ಶುರುವಾಗುವ ಮೊದಲೇ, ಅದರ ಮೂಲ ಸೆಟ್ಟಿಂಗಿನ ಪರದೆಗೆ ಹೋಗಿ. ಪ್ರೊಸೆಸರಿನ ಪುಟದಲ್ಲಿ ವರ್ಚುವಲೈಸೇಶನ್ ಅಂತ ಒಂದು ಸಾಲಿರುತ್ತದೆ. ಅದನ್ನು ತೆರೆದು, ಉಳಿಸಿ, ಹೊರಗೆ ಬನ್ನಿ. ಆಮೇಲೆ ಅವನಿಗೆ ಫೋನ್ ಮಾಡಿ ಕ್ಷಮೆ ಕೇಳಿ. ಅದೂ ಕೈಕೆಳಗಿನವರ ಎದುರಿಗೇ.

ಇನ್ನು ಪಾಠ. ಈ ದೊಡ್ಡ ಸರ್ವರನ್ನು ನಾವು ಹೋಸ್ಟ್ ಅನ್ನುತ್ತೇವೆ. ಅದು ಮನೆ ಅಂದುಕೊಳ್ಳಿ, ಒಳಗೆ ಬರುವ ಮಷೀನುಗಳು ಬಾಡಿಗೆದಾರರು. ಪ್ರತಿ ಬಾಡಿಗೆದಾರನೂ ಇಡೀ ಮನೆ ತನ್ನದೇ ಅಂದುಕೊಂಡಿರುತ್ತಾನೆ. ಹಾಗೆ ಅಂದುಕೊಳ್ಳುವಂತೆ ನೋಡಿಕೊಳ್ಳುವುದೇ ಹೋಸ್ಟಿನ ಕೆಲಸ, ಅದಕ್ಕೆ ಬೇರೆ ಯಾವ ಕೆಲಸವನ್ನೂ ಹಚ್ಚಬೇಡಿ. ಮೆಮೊರಿಯನ್ನೆಲ್ಲ ಬಾಡಿಗೆದಾರರಿಗೇ ಹಂಚಿ ಹೋಸ್ಟನ್ನು ಉಪವಾಸ ಕೆಡವಬೇಡಿ. ಡಿಸ್ಕುಗಳನ್ನು ಜೋಡಿ ಹಾಕಿ, ಒಂದು ಕೆಟ್ಟರೂ ಇನ್ನೊಂದರಲ್ಲಿ ಅದೇ ಇರುವಂತೆ. ತಂತ್ರಾಂಶ ಹಾಕಿದ ಪೆನ್‌ಡ್ರೈವನ್ನು ಎಸೆಯಬೇಡಿ, ಬಾಗಿಲು ಒಡೆಯಬೇಕಾದ ದಿನ ಅದೇ ಸುತ್ತಿಗೆ.

ಮತ್ತೊಂದು ಮಾತು. ಒಳಗಿನ ಮಷೀನುಗಳು ಹೊರಗಿನ ಜಾಲಕ್ಕೆ ದಾಟಲು ಹೋಸ್ಟಿನಲ್ಲಿ ಒಂದು ಸೇತುವೆ ಕಟ್ಟಬೇಕು. ಅದನ್ನು ಕಟ್ಟುವಾಗ ಸರ್ವರಿನ ಎದುರಿಗೇ ಕೂತು, ಅದರದ್ದೇ ಕೀಲಿಮಣೆಯಲ್ಲಿ ಮಾಡಿ. ನಿಮ್ಮ ಮೇಜಿನಿಂದ ಮಾಡಬೇಡಿ. ಯಾಕೆ ಅಂತ ಕೇಳಬೇಡಿ, ಮಾಡಬೇಡಿ ಅಷ್ಟೆ.

ಅಮ್ಮನಿಗೆ ಹೇಳಲ್ಲ. ಹೇಳದಿದ್ದರೂ ಅಮ್ಮನಿಗೆ ಗೊತ್ತಿರುತ್ತೆ.

ಚಿನಕುರಳಿ


ಜೂನ್ 21

ಚಿನಕುರಳಿ,

ನನ್ನ ಮೇಜಿನಿಂದಲೇ ಸೇತುವೆ ಕಟ್ಟಿದೆ.

ಕೋಣೆಯ ಒಳಗೆ ತುಂಬಾ ಚಳಿ, ಮಂಡಿ ಹಿಡಿದುಕೊಳ್ಳುತ್ತದೆ ಅಂತ. ಒಂದು ಸಾಲು ಬರೆದು ಗುಂಡಿ ಒತ್ತಿದೆ, ಪರದೆ ಹಾಗೇ ನಿಂತುಹೋಯಿತು. ನಾನು ಯಾವ ದಾರಿಯಲ್ಲಿ ಒಳಗೆ ಹೋಗಿದ್ದೆನೋ ಆ ದಾರಿಯನ್ನೇ ಕಿತ್ತು ಸೇತುವೆಗೆ ಹಾಕಿದ್ದೆ. ಕೂತ ಕೊಂಬೆಯನ್ನೇ ಕಡಿದವನ ಕಥೆಯನ್ನು ನಿನಗೆ ಚಿಕ್ಕಂದಿನಲ್ಲಿ ನಾನೇ ಹೇಳುತ್ತಿದ್ದೆ. ಆಮೇಲೆ ಸ್ವೆಟರ್ ಹಾಕಿಕೊಂಡು, ಸರ್ವರಿನ ಎದುರು ಸ್ಟೂಲ್ ಇಟ್ಟುಕೊಂಡು ಸರಿ ಮಾಡಿದೆ. ಈಗ ಸೇತುವೆ ನಿಂತಿದೆ. ಔಷಧಿಯ ಮಷೀನು ಒಳಗೆ ಬಂದು ಸಂಸಾರ ಹೂಡಿದೆ.

ಮಾರಿದವನಿಗೆ ಕ್ಷಮೆ ಕೇಳಿದೆ. ಕೈಕೆಳಗಿನವರ ಎದುರಿಗಲ್ಲ, ಮೆಟ್ಟಿಲ ಕೆಳಗೆ ಹೋಗಿ. ಅಷ್ಟು ಮಾನ ಉಳಿಸಿಕೊಳ್ಳಲು ಬಿಡು.

ನಿನ್ನ ಕಾಗದ ನನ್ನ ಅಂಗಿಯ ಜೇಬಿನಲ್ಲೇ ಇರುತ್ತದೆ. ಸಂದೇಹ ಬಂದಾಗ ಮಷೀನುಗಳ ಹಿಂದೆ ನಿಂತು ತೆಗೆದು ಓದುತ್ತೇನೆ. ನಮ್ಮ ಹಿರಿಯ ಸಿಸ್ಟರ್ ಒಂದು ದಿನ ನೋಡಿಬಿಟ್ಟರು. "ಏನ್ ಸಾರ್, ಈ ವಯಸ್ಸಲ್ಲಿ ಕದ್ದು ಕಾಗದ ಓದೋ ಅಂಥದ್ದು?" ಅಂದರು. ನನ್ನ ಕಿವಿ ಬಿಸಿಯಾಯಿತು. ಮಗಳದ್ದು ಎಂದು ಹೇಳಬಹುದಿತ್ತು. ಹೇಳಲಿಲ್ಲ, ಮಡಚಿ ಇಟ್ಟುಕೊಂಡೆ. ಹೊರಗೆ ಬಂದ ಮೇಲೆ ಅದಕ್ಕೂ ನಾಚಿಕೆಯಾಯಿತು.

ನಿನ್ನ
ಅಪ್ಪ


ಜುಲೈ 2

ಅಪ್ಪಾ,

ಸೇತುವೆ ವಿಷಯಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅದನ್ನು ಒಂದು ಸಲ ಮಾಡದವರು ಈ ಕೆಲಸದಲ್ಲಿ ಯಾರೂ ಇಲ್ಲ. ನಾನು ಮಾಡಿದ್ದು ಬೇರೆಯವರ ಮಷೀನಿನಲ್ಲಿ, ಅವರು ಪಕ್ಕದಲ್ಲೇ ನಿಂತಿದ್ದಾಗ.

ಈಗ ಲ್ಯಾಬ್ ಮಷೀನ್ ತನ್ನಿ. ತಂದ ಮೇಲೆ ಒಂದು ವಾರ ಹಳೆಯದನ್ನು ಆರಿಸಬೇಡಿ, ಹೊಸ ಮನೆಯಲ್ಲಿ ನಿದ್ದೆ ಬರುತ್ತೋ ಇಲ್ಲವೋ ನೋಡಿ. ಕರೆಂಟ್ ಹೋಗಿ ಬಂದಾಗ ಒಳಗಿನ ಮಷೀನುಗಳು ತಾವಾಗಿ ಏಳುವುದಿಲ್ಲ, ನೀವೇ ಹೇಳಿ ಎಬ್ಬಿಸಬೇಕು. ಒಂದೊಂದಕ್ಕೂ 'ತಾನಾಗಿ ಏಳು' ಎಂದು ಗುರುತು ಹಾಕಿ. ಕಾವಲುಗಾರನ ವಿಷಯ ಕೊನೆಗೆ ನೋಡೋಣ, ಅವನದು ಸ್ವಲ್ಪ ನಾಜೂಕು. ಅವನನ್ನು ಮುಟ್ಟುವ ಮೊದಲು ನನಗೆ ಬರೆಯಿರಿ.

ನನ್ನ ಓದು ತಲೆಗೆ ಹತ್ತಲಿಲ್ಲ, ಕೆಲಸ ಕೈಗೆ ಹತ್ತಿತು. ಕಾಲೇಜು ಬಿಟ್ಟು ಬಂದ ದಿನ ನೀವು ಬೈಯಲಿಲ್ಲ, ಒಂದು ವಾರ ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನಿಸಿದೆ. ಈಗ ನೀವು ನನ್ನನ್ನು ಕೇಳಿ ಕೇಳಿ ಕಲಿಯುವಾಗ, ಎಷ್ಟು ಸಂತೋಷ ಅಂತ ಬರೆದರೆ ನಿಮಗೆ ಮುಜುಗರ. ಬರೆದುಬಿಟ್ಟೆ.

ಚಿನಕುರಳಿ


ಆಗಸ್ಟ್ 5

ಚಿನಕುರಳಿ,

ಗೆದ್ದೆವು. ಕಾವಲುಗಾರನೊಬ್ಬನನ್ನು ಬಿಟ್ಟು ಎಲ್ಲರೂ ಒಳಗೆ ಬಂದರು. ಲ್ಯಾಬ್ ವರದಿ ಈಗ ಒತ್ತಿದ ಕೂಡಲೇ ಬರುತ್ತದೆ. ಮೊದಲು ಅದು ಬರುವಷ್ಟರಲ್ಲಿ ಲ್ಯಾಬಿನವರು ಒಂದು ಸುತ್ತು ಟೀ ಕುಡಿದು ಬರುತ್ತಿದ್ದರು. ಟೀಗೆ ನೆಪ ಇಲ್ಲವಾಯಿತು ಎಂದು ಗೊಣಗುತ್ತಿದ್ದಾರೆ.

ಸಭೆಯಲ್ಲಿ ದೊಡ್ಡ ಡಾಕ್ಟರಮ್ಮ ಎಲ್ಲರ ಮುಂದೆ ಹೊಗಳಿದರು. "ಇಷ್ಟೆಲ್ಲ ಎಲ್ಲಿ ಕಲಿತ್ರಿ?" ಎಂದು ಕೇಳಿದರು. ಈ ಸಲ ಮುಚ್ಚಿಡಲಿಲ್ಲ. ಎದ್ದು ನಿಂತು, "ನನ್ನ ಮಗಳು ಕಲಿಸಿದ್ದು" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿನಗೆ ಬಿದ್ದ ಚಪ್ಪಾಳೆ ಅದು. ನೀನು ಕೇಳಬೇಕಿತ್ತು.

ಹೊಸ ಕೋಣೆಗೆ ಸಣ್ಣದೊಂದು ಉದ್ಘಾಟನೆಯಂತೆ, ಈ ತಿಂಗಳ ಕೊನೆಗೆ. ನಿನ್ನನ್ನೂ ಕರೆಯಬೇಕು ಎನ್ನುತ್ತಿದ್ದಾರೆ. ಅಷ್ಟು ದೂರದಿಂದ ಅದಕ್ಕೋಸ್ಕರ ಬರುವುದು ಬೇಡ. ಪಾಳಿ ಬದಲಿಸಿಕೊಳ್ಳಬೇಕು, ಪ್ರಯಾಣದ ಆಯಾಸ ಬೇರೆ. ಏನೋ ಒಂದು ಹೇಳಿ ನಾನೇ ಒಪ್ಪಿಸುತ್ತೇನೆ.

ನಿನ್ನ
ಅಪ್ಪ


ಆಗಸ್ಟ್ 16

ಮಗಳೇ,

ನಾನು ಕಾಗದ ಬರೆದು ಯಾವ ಕಾಲವಾಯಿತೋ. ಅಕ್ಷರ ಕೋಳಿ ಕೆರೆದ ಹಾಗಿದೆ, ಓದಿಕೋ.

ನಿಮ್ಮಿಬ್ಬರ ಗುಟ್ಟು ನನಗೆ ಮೊದಲ ಕಾಗದದ ದಿನವೇ ಗೊತ್ತು. ಇಷ್ಟು ದಿನ ಸುಮ್ಮನಿದ್ದೆ, ಅಪ್ಪ ಮಗಳು ಮಾತಾಡಿಕೊಂಡರೆ ಸಾಕು ಅಂತ. ಈಗ ಸುಮ್ಮನಿರಲು ಆಗಲಿಲ್ಲ. ಇದರ ಜೊತೆ ಇಟ್ಟಿರುವ ಉದ್ಘಾಟನೆಯ ಕಾರ್ಡ್ ನೋಡು. ನಿನಗೆ ಕಳಿಸಿ ಅಂತ ಆಸ್ಪತ್ರೆಯವರು ಕೊಟ್ಟಿದ್ದು. ಇವರು ಅದನ್ನು ಬೀರುವಿನ ಮೇಲೆ, ಹಳೇ ಕೊಡೆಯ ಕೆಳಗೆ ಇಟ್ಟಿದ್ದರು. ದೂಳು ಒರೆಸುವಾಗ ಸಿಕ್ಕಿತು.

"ಇದೇನ್ರೀ, ಇವಳು ಯಾವಾಗ ಇಂಜಿನಿಯರ್ ಆದಳು?" ಅಂತ ಕೇಳಿದೆ. ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಂಡರು. ತಲೆಕೆಳಗಾಗಿ ಹಿಡಿದಿದ್ದರು.

ನಿನಗೆ ನೋವಾಗುತ್ತದೆ ಅಂತ ಗೊತ್ತು. ಆದರೂ ನಿನ್ನ ವಿಷಯ ನಿನಗೆ ಗೊತ್ತಿರಬೇಕು. ಅವರು ಕೆಟ್ಟವರಲ್ಲ, ಹೆದರುಪುಕ್ಕಲರು.

ಅಮ್ಮ


ಆಗಸ್ಟ್ 22

ಅಪ್ಪನಿಗೆ,

ಕಾರ್ಡ್ ತಲುಪಿತು. ಅಮ್ಮನ ಮೇಲೆ ರೇಗಬೇಡಿ.

'ನಮ್ಮ ಮೇಲ್ವಿಚಾರಕರ ಸುಪುತ್ರಿ, ಹಿರಿಯ ಇಂಜಿನಿಯರ್, ಉಪಸ್ಥಿತರಿರುವರು.' ಓದಿ, ಇವಳು ಯಾರಪ್ಪ ಅಂದುಕೊಂಡೆ. ಹೆಸರು ನನ್ನದೇ. ಅಮ್ಮನಿಗೆ ಫೋನ್ ಮಾಡಿದೆ. ಕೊನೆಗೆ ಅಮ್ಮನ ಹತ್ತಿರ ನೀವೇ ಒಪ್ಪಿಕೊಂಡಿರಂತೆ. ಮೇಲಿನ ಓದು ಮುಗಿಸಿದ್ದಾಳೆ, ದೊಡ್ಡ ಕೆಲಸದಲ್ಲಿದ್ದಾಳೆ ಅಂತ ನಾಲ್ಕು ವರ್ಷದಿಂದ ಹೇಳಿಕೊಂಡು ಬಂದಿದ್ದೀರಂತೆ. ಮೊದಮೊದಲು ಯಾರೋ ಕೇಳಿದ್ದಕ್ಕೆ, ಆಮೇಲೆ ಯಾರೂ ಕೇಳದಿದ್ದರೂ.

ಆ ಚಪ್ಪಾಳೆ ನನಗೆ ಬಿದ್ದದ್ದು ಅಂತ ಬರೆದಿದ್ದಿರಿ. ಆ ಕಾಗದವನ್ನು ನಾನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ ಅಪ್ಪ. ಈಗ ಅದನ್ನು ನೋಡಿದರೆ ಮೈಯೆಲ್ಲ ಹಿಡಿಯಾಗುತ್ತದೆ. ಚಪ್ಪಾಳೆ ಬಿದ್ದದ್ದು ಅವಳಿಗೆ. ಬರಬೇಡ ಅಂದದ್ದು ನನಗೆ. ನಾನು ಬಂದರೆ ಅವಳು ಇಲ್ಲ ಅಂತ ಗೊತ್ತಾಗಿಬಿಡುತ್ತಲ್ಲ.

ವರ್ಚುವಲ್ ಮಷೀನ್ ನಡೆಸುವುದನ್ನು ನೀವು ನನ್ನಿಂದ ಕಲಿಯಬೇಕಾಗಿರಲಿಲ್ಲ. ನಾಲ್ಕು ವರ್ಷದಿಂದ ಒಬ್ಬ ಮಗಳನ್ನೇ ಹಾಗೆ ನಡೆಸಿಕೊಂಡು ಬಂದಿದ್ದೀರಿ.

ನಾನು ಕೇಬಲ್ ಎಳೆಯುತ್ತೇನೆ. ಮಷೀನು ಹೊತ್ತು ಜೋಡಿಸುತ್ತೇನೆ. ನನಗೆ ಇದರಲ್ಲಿ ಯಾವತ್ತೂ ನಾಚಿಕೆ ಇರಲಿಲ್ಲ. ನಿಮಗಿದೆ ಅಂತ ಗೊತ್ತಾದ ಮೇಲೆ, ನಿನ್ನೆ ಸಮವಸ್ತ್ರ ಹಾಕಿಕೊಳ್ಳುವಾಗ ಒಂದು ಗಳಿಗೆ ನನಗೂ ಆಯಿತು. ಅದಕ್ಕೆ ನಿಮ್ಮನ್ನು ಕ್ಷಮಿಸುವುದು ಕಷ್ಟ.

ಸದ್ಯಕ್ಕೆ ಬರೆಯಬೇಡಿ.

ಮಗಳು


ಸೆಪ್ಟೆಂಬರ್ 4

ಚಿನಕುರಳಿ,

ಬರೆಯಬೇಡಿ ಅಂದಿದ್ದೀಯ. ಬರೆಯುತ್ತಿದ್ದೇನೆ, ಅದಕ್ಕೂ ಬೈದುಕೋ.

ಉದ್ಘಾಟನೆ ಮುಗಿಯಿತು. ನಿನಗೆ ತುರ್ತು ಕೆಲಸ ಬಂತು ಎಂದೆ. ಮುಂದಿನ ಸಾಲಿನಲ್ಲಿ ನಿನ್ನ ಹೆಸರಿನ ಚೀಟಿ ಅಂಟಿಸಿದ ಕುರ್ಚಿ ಖಾಲಿ ಇತ್ತು. ಇಡೀ ಹೊತ್ತು ಅದನ್ನು ನೋಡದ ಹಾಗೆ ಕೂತಿದ್ದೆ, ಕತ್ತು ನೋವು ಬಂತು. ಕೊನೆಗೆ ಯಾರೋ ಅದರ ಮೇಲೆ ಹೂಗುಚ್ಛಗಳನ್ನು ಪೇರಿಸಿಟ್ಟರು.

ನಿನಗೆ ಕೊಡಬಹುದಾದ ಕಾರಣ ನನ್ನ ಹತ್ತಿರ ಯಾವುದೂ ಇಲ್ಲ. ಯೋಚಿಸಿ ನೋಡಿದೆ. ನನ್ನ ಜೊತೆಯವರೆಲ್ಲ ಮಕ್ಕಳ ಮಾತು ತೆಗೆದಾಗ ನಾನೂ ಏನಾದರೂ ಹೇಳಬೇಕಾಗುತ್ತಿತ್ತು. ಒಂದು ಸುಳ್ಳು ಹೇಳಿದೆ, ಅದನ್ನು ಸಾಕಲು ಇನ್ನಷ್ಟು ಹೇಳಿದೆ. ನಿನ್ನ ಕೆಲಸದ ಬಗ್ಗೆ ನಾಚಿಕೆ ಇತ್ತೇ ಎಂದರೆ, ಇತ್ತು. ಈಗ ಇಲ್ಲ. ಆದರೆ ಆಗ ಇತ್ತಲ್ಲ ಎಂಬ ನಾಚಿಕೆ ಈಗ ಇದೆ, ಇದು ಅದಕ್ಕಿಂತ ಭಾರ. ಎಲ್ಲರ ಮುಂದೆ ನಿಜ ಹೇಳಬೇಕು ಅಂತ ದಿನಾ ಹೊರಡುತ್ತೇನೆ. ದೊಡ್ಡ ಡಾಕ್ಟರಮ್ಮನ ಬಾಗಿಲ ತನಕ ಹೋಗಿ, ಪ್ರಿಂಟರ್ ಸರಿ ಇದೆಯಾ ಮೇಡಂ ಎಂದು ಕೇಳಿ ವಾಪಸು ಬರುತ್ತೇನೆ. ಅವರ ಪ್ರಿಂಟರ್ ಬಹಳ ಚೆನ್ನಾಗಿದೆ.

ಇದರ ನಡುವೆ ಒಂದು ಪ್ರಶ್ನೆ ಇದೆ, ಕೇಳುವ ಮುಖವಿಲ್ಲದೆ ಕೇಳುತ್ತಿದ್ದೇನೆ. ಕಾವಲುಗಾರನ ಹಳೇ ಮಷೀನು ಸಾಯುವ ಸದ್ದು ಮಾಡುತ್ತಿದೆ. ಅವನನ್ನೂ ಒಳಗೆ ತರುತ್ತೇನೆ. ತಂದ ಮೇಲೆ ಹೋಸ್ಟಿನ ಬಾಗಿಲಿಗೂ ಅವನನ್ನೇ ನಿಲ್ಲಿಸಿ, ಹೋಸ್ಟಿನ ಸ್ವಂತ ಪಾಸ್‌ವರ್ಡ್ ಮುಚ್ಚಿಬಿಡಬಹುದೇ? ಎಲ್ಲಕ್ಕೂ ಒಬ್ಬನೇ ಕಾವಲು, ಅಚ್ಚುಕಟ್ಟು ಅಂತ ನನಗೆ ಅನಿಸುತ್ತದೆ. ತಪ್ಪಿದ್ದರೆ ಒಂದು ಸಾಲು ಬರೆ.

ಉತ್ತರ ಬರೆಯಲು ಮನಸ್ಸಿಲ್ಲದಿದ್ದರೂ ಪರವಾಗಿಲ್ಲ. ಕಾಗದ ತಲುಪಿತು ಅಂತ ಮಾತ್ರ ತಿಳಿಸು.

ಅಪ್ಪ


ಅಕ್ಟೋಬರ್ 11

ಚಿನಕುರಳಿ,

ನಿನ್ನೆ ಬೆಳಗ್ಗೆ ನೀನು ಫೋನಿಗೆ ಬರುವ ಮೊದಲು ಇಲ್ಲಿ ಏನಾಯಿತು ಎಂದು ನಿನಗೆ ಗೊತ್ತಿಲ್ಲ. ನನ್ನ ಬಾಯಿಂದಲೇ ಗೊತ್ತಾಗಲಿ.

ನೀನು ಬರೆಯಲಿಲ್ಲ. ಬರೆಯದಿದ್ದುದನ್ನು ಒಪ್ಪಿಗೆ ಎಂದುಕೊಂಡೆ. ಕಾವಲುಗಾರನನ್ನು ಒಳಗೆ ತಂದೆ, ಹೋಸ್ಟಿನ ಬಾಗಿಲಿಗೂ ಅವನನ್ನೇ ನಿಲ್ಲಿಸಿದೆ, ಹೋಸ್ಟಿನ ಸ್ವಂತ ಪಾಸ್‌ವರ್ಡನ್ನು ಮುಚ್ಚಿದೆ. ಸಂಭ್ರಮದಲ್ಲಿ ಅವನೊಬ್ಬನಿಗೆ 'ತಾನಾಗಿ ಏಳು' ಗುರುತು ಹಾಕುವುದನ್ನು ಮರೆತೆ. ಎಲ್ಲವೂ ಚೆನ್ನಾಗಿ ನಡೆಯುತ್ತಿತ್ತು, ಕರೆಂಟ್ ಇರುವ ತನಕ.

ನಿನ್ನೆ ಬ್ಯಾಟರಿ ಬದಲಿಸಲು ಬಂದವರು ನನ್ನ ಒಪ್ಪಿಗೆ ಕೇಳಿಯೇ ಕರೆಂಟ್ ತೆಗೆದು, ಕೆಲಸ ಮುಗಿಸಿ ಮತ್ತೆ ಕೊಟ್ಟರು. ಸರ್ವರ್ ಎದ್ದಿತು. ಒಳಗಿನವೂ ಎದ್ದವು. ದೀಪಗಳೆಲ್ಲ ಮಿನುಗಿದವು. ಆದರೆ ಒಬ್ಬರಿಗೂ ಒಳಗೆ ಹೋಗಲು ಆಗಲಿಲ್ಲ. ಕಾವಲುಗಾರ ಮಲಗಿದ್ದ. ಅವನನ್ನು ಎಬ್ಬಿಸಲು ನಾನು ಹೋಸ್ಟಿನೊಳಗೆ ಹೋಗಬೇಕು, ಹೋಗಬೇಕಾದರೆ ಅವನ ಅಪ್ಪಣೆ ಬೇಕು. ಮನೆಗೆ ಬೀಗ ಹಾಕಿದ್ದೆ, ಬೀಗದ ಕೈ ಒಳಗೇ ಇತ್ತು.

ಎಷ್ಟು ಸಲ ಪಾಸ್‌ವರ್ಡ್ ಹೊಡೆದೆನೋ. ಹಿರಿಯ ಸಿಸ್ಟರ್ ಬಾಗಿಲಿಗೆ ಬಂದು, "ಸಾರ್, ಆಪರೇಷನ್ನಿಗೆ ಇಬ್ಬರನ್ನ ಮಲಗಿಸಿದೀವಿ. ಲ್ಯಾಬ್ ರಿಪೋರ್ಟ್ ನೋಡದೆ ಸರ್ಜನ್ ಕತ್ತಿ ಮುಟ್ಟಲ್ಲ ಅಂತಿದಾರೆ" ಅಂದರು. ಅವರ ಹಿಂದೆಯೇ ದೊಡ್ಡ ಡಾಕ್ಟರಮ್ಮ ಬಂದರು. ನನ್ನ ಬೆನ್ನು ಬೆವರಿತ್ತು, ಆ ಚಳಿಯ ಕೋಣೆಯಲ್ಲಿ.

"ನಿಮ್ಮ ಮಗಳಿಗೆ ಫೋನ್ ಮಾಡಿ. ಸ್ಪೀಕರ್ ಹಾಕಿ, ನಾವೂ ಕೇಳ್ತೀವಿ" ಅಂದರು.

ನಿನ್ನ ಫೋನು ಪೆಟ್ಟಿಗೆಯಲ್ಲಿತ್ತು, ಬಡಿದುಕೊಂಡು ನಿಂತಿತು. ನಿಮ್ಮ ಕಚೇರಿಯ ನಂಬರಿಗೆ ಮಾಡಿದೆ. ಒಬ್ಬ ಹುಡುಗಿ ಎತ್ತಿಕೊಂಡಳು. ಕೋಣೆಯಲ್ಲಿ ಅಷ್ಟು ಜನ ನಿಂತಿದ್ದಾರೆ. ನಾನು ನಿನ್ನ ಹೆಸರು ಹೇಳಿ, "ಇಂಜಿನಿಯರ್ ಮೇಡಂ ಬೇಕಿತ್ತು" ಎಂದೆ.

ಆ ಹೊತ್ತಿನಲ್ಲೂ ಹಾಗೆ ಹೇಳಿದೆ ನೋಡು.

"ನಮ್ಮ ಇಂಜಿನಿಯರುಗಳಲ್ಲಿ ಆ ಹೆಸರಿನವರು ಯಾರೂ ಇಲ್ಲ ಸರ್. ರಾಂಗ್ ನಂಬರ್ ಇರಬೇಕು" ಅಂದಳು ಅವಳು, ಗಟ್ಟಿಯಾಗಿ, ಸ್ಪಷ್ಟವಾಗಿ.

ಹೌದು ರಾಂಗ್ ನಂಬರ್, ಅವಳು ರಜೆಯಲ್ಲಿದ್ದಾಳೆ ಎಂದು ಇಡಬಹುದಿತ್ತು. ಸುಳ್ಳು ನಾಲಿಗೆಯ ತುದಿಗೆ ತಾನಾಗಿಯೇ ಬಂತು. ಅದಕ್ಕೆ ಮಾತ್ರ ನಾನು 'ತಾನಾಗಿ ಏಳು' ಗುರುತು ಯಾವತ್ತೋ ಹಾಕಿಟ್ಟಿದ್ದೆ. ಇಬ್ಬರು ಮಲಗಿದ್ದಾರೆ ಎಂಬುದು ನೆನಪಾಯಿತು. ಹೇಳಿದೆ:

"ಇಂಜಿನಿಯರ್ ಅಲ್ಲಮ್ಮ. ಟೆಕ್ನಿಷಿಯನ್. ಮಷೀನ್ ಜೋಡಿಸ್ತಾಳೆ, ಕೇಬಲ್ ಎಳೀತಾಳೆ. ಕಾಲೇಜು ಮುಗಿಸಿಲ್ಲ ಅವಳು. ಇಂಜಿನಿಯರ್ ಅಂತ ನಾನೇ ಎಲ್ಲರಿಗೂ ಸುಳ್ಳು ಹೇಳಿದ್ದೆ. ನಾನು ಅವಳಪ್ಪ, ಆಸ್ಪತ್ರೆಯಿಂದ ಮಾತಾಡ್ತಿದೀನಿ. ದಯವಿಟ್ಟು ಕರೀರಿ."

ಆಕೆಗೆ ಹೇಳುವ ಅಗತ್ಯವಿರಲಿಲ್ಲ ಅದನ್ನೆಲ್ಲ. ನಾನು ಹೇಳಿದ್ದು ನನ್ನ ಬೆನ್ನ ಹಿಂದೆ ನಿಂತವರಿಗೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಹಿಂದಿನಿಂದ ದೊಡ್ಡ ಡಾಕ್ಟರಮ್ಮನ ದನಿ ಬಂತು: "ಅದೆಲ್ಲ ಆಮೇಲೆ ಸಾರ್. ಬಾಗಿಲು ತೆಗೆಯೋಕೆ ಬರುತ್ತೋ ಇಲ್ವೋ ಕೇಳಿ ಮೊದಲು."

ಅಷ್ಟೇ ಮಗಳೇ. ನಾಲ್ಕು ವರ್ಷ ನಾನು ಎದೆಗವಚಿಕೊಂಡು ಕಾಪಾಡಿದ್ದು ಅಷ್ಟಕ್ಕೇ ಮುಗಿಯಿತು.

ಆಮೇಲೆ ನೀನು ಬಂದೆ. ಬೈಯುತ್ತೀಯ ಎಂದುಕೊಂಡಿದ್ದೆ. "ಸರ್ವರ್ ಎದುರಿಗೇ ಕೂತಿದೀರಾ? ಪೆನ್‌ಡ್ರೈವ್ ಎಲ್ಲಿದೆ?" ಎಂದಷ್ಟೇ ಕೇಳಿದೆ ನೀನು. ಮೊದಲ ಕಾಗದದಲ್ಲಿ ನೀನು ಎಸೆಯಬೇಡಿ ಎಂದಿದ್ದ ಸುತ್ತಿಗೆ ನನ್ನ ಜೇಬಿನಲ್ಲೇ ಇತ್ತು, ನಿನ್ನ ಕಾಗದಗಳ ಜೊತೆ. ಅದರಿಂದ ಸರ್ವರ್ ಎಬ್ಬಿಸಿ, ನೀನು ಹೇಳಿದ ಒಂದೊಂದು ಸಾಲನ್ನೂ ಹೊಡೆದು, ಹೋಸ್ಟಿನ ಸ್ವಂತ ಬಾಗಿಲು ತೆರೆದು, ಕಾವಲುಗಾರನನ್ನು ಏಳಿಸಿದೆ. "ಈಗ ನೋಡಿ ಸಿಸ್ಟರ್" ಎಂದೆ. ಹಿರಿಯ ಸಿಸ್ಟರ್ ಓಡಿದರು. ಇಬ್ಬರ ಆಪರೇಷನ್ನೂ ಆಯಿತು, ಚೆನ್ನಾಗಿದ್ದಾರೆ.

ಸಂಜೆ ಸಿಸ್ಟರ್ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತೆ. "ನಂಗೆ ಮೊದಲೇ ಗೊತ್ತಿತ್ತು ಸಾರ್. ನಿಮ್ಮ ಮನೆಯವರು ರಕ್ತ ಪರೀಕ್ಷೆಗೆ ಬಂದಾಗ ಮಗಳ ಕೆಲಸದ ಬಗ್ಗೆ ಎಷ್ಟು ಖುಷಿಯಾಗಿ ಹೇಳ್ಕೊಂಡ್ರು ಅಂತ! ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ" ಅಂದರು. ಅಮ್ಮ ಖುಷಿಯಾಗಿ ಹೇಳಿದ್ದನ್ನೇ ನಾನು ಮುಚ್ಚಿಡುತ್ತಿದ್ದೆ. ಭೂಮಿ ಬಾಯಿಬಿಡಬಾರದೇ ಅನಿಸಿತು. ಬಿಡಲಿಲ್ಲ. ಮೆಟ್ಟಿಲಿಳಿದು ಮನೆಗೆ ಬಂದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕಷ್ಟ ಎಂದು ನೀನೇ ಬರೆದಿದ್ದೀಯ. ಒಂದೇ ಒಂದು ವಿಷಯ ಅರ್ಥವಾಗಲಿಲ್ಲ. ನಾನು ಆಸ್ಪತ್ರೆಯಿಂದ, ಅವಳಪ್ಪ ಎಂದಾಗ ಆ ಹುಡುಗಿ, "ಆ ಆಸ್ಪತ್ರೆಯಿಂದನಾ? ಅಲ್ಲಿ ಕಾಗದ ಬರೆಯೋ ಗಿರಾಕಿ ಒಬ್ರಿದಾರಲ್ಲ, ಅವರು ಅಂದ್ಕೊಂಡೆ. ನೀವು ಅಪ್ಪನಾ?" ಎಂದು ತಬ್ಬಿಬ್ಬಾದಳು. ಇಲ್ಲಿಂದ ಕಾಗದ ಬರೆಯುವವನು ನಾನೊಬ್ಬನೇ. ಹಾಗೆಂದರೇನು?

ಅಪ್ಪ


ಅಕ್ಟೋಬರ್ 17

ಅಪ್ಪಾ,

ಆ ಹುಡುಗಿ ಹೇಳಿದ್ದು ಸರಿ. ಉತ್ತರವನ್ನು ಫೋನಿನಲ್ಲಿ ಹೇಳಲು ನನಗೂ ನಾಚಿಕೆ, ಅದಕ್ಕೇ ಕಾಗದ.

ಇಲ್ಲಿ ಸೇರಿದ ಹೊಸದರಲ್ಲಿ ಎಲ್ಲರೂ ಎಲ್ಲಿ ಓದಿದೆ, ಏನು ಓದಿದೆ ಎಂದು ಕೇಳುತ್ತಿದ್ದರು. ಮುಗಿಸಿಲ್ಲ ಎಂದು ನಿಜವನ್ನೇ ಹೇಳಿದೆ. ಆದರೆ ಬರೀ ಅಷ್ಟೇ ಹೇಳಿ ಬಿಡಲು ಆಗಲಿಲ್ಲ. ನಮ್ಮಪ್ಪ ದೊಡ್ಡ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೇ ಮುಖ್ಯಸ್ಥರು, ಅವರಿಗೆ ಗೊತ್ತಿಲ್ಲದ ಮಷೀನಿಲ್ಲ, ನನಗೆ ಬರುವುದೆಲ್ಲ ಅವರು ಕಲಿಸಿದ್ದು ಎಂದೆ. ಅದರಿಂದ ನನಗೆ ಇಲ್ಲಿ ಸ್ವಲ್ಪ ಬೆಲೆ ಬಂತು.

ನಿಮ್ಮ ಮೊದಲ ಕಾಗದ ಓದಿ ಊಟದ ಕೋಣೆಯಲ್ಲಿ ನಕ್ಕೆ ಅಂತ ಬರೆದಿದ್ದೆನಲ್ಲ. ಪಕ್ಕದವರು ಯಾರದು ಎಂದು ಕೇಳಿದರು. ಏನೂ ಗೊತ್ತಿಲ್ಲದ ಅಪ್ಪ ನನ್ನಪ್ಪ ಎಂದು ಹೇಗೆ ಹೇಳಲಿ? 'ಯಾರೋ ಗಿರಾಕಿ, ಪಾಪ, ವಯಸ್ಸಾದವರು' ಅಂದೆ. ಆಮೇಲೆ ಪ್ರತಿ ಕಾಗದ ಬಂದಾಗಲೂ ಎಲ್ಲರೂ ಸುತ್ತ ಕೂತರು. ಸೇತುವೆಯ ಕಾಗದವನ್ನು ನಾನೇ ಗಟ್ಟಿಯಾಗಿ ಓದಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ನೀವು ನನ್ನ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೀರಿ ಎಂಬ ಸಾಲು ಬಂದಾಗ ಅದೊಂದನ್ನು ಓದದೆ ಹಾರಿಸಿದೆ.

ಆಗಸ್ಟಿನಲ್ಲಿ ನಿಮಗೆ ಅಷ್ಟು ದೊಡ್ಡ ಮಾತು ಬರೆಯುವಾಗ ನಾನೂ ಇಲ್ಲಿ ಒಬ್ಬ ಅಪ್ಪನನ್ನು ನಡೆಸುತ್ತಿದ್ದೆ. ಅದು ನೆನಪಿಗೆ ಬರಲಿಲ್ಲ ಎಂದರೆ ನಂಬಬೇಡಿ. ಬಂತು. ಬದಿಗೆ ತಳ್ಳಿ ಬರೆದೆ.

ಸೆಪ್ಟೆಂಬರಿನ ಕಾಗದವನ್ನು ನಾನು ಒಡೆದಿರಲಿಲ್ಲ. ಕೋಪದಲ್ಲಿ ಹಾಗೇ ಪೆಟ್ಟಿಗೆಗೆ ಹಾಕಿದ್ದೆ. ನಿಮ್ಮ ಪ್ರಶ್ನೆ ಅದರಲ್ಲೇ ಇತ್ತು. ಒಂದು ಸಾಲು ಬರೆದಿದ್ದರೆ ನೀವು ಆ ಬಾಗಿಲನ್ನು ಮುಚ್ಚುತ್ತಿರಲಿಲ್ಲ, ಆ ಇಬ್ಬರು ಅಷ್ಟು ಹೊತ್ತು ಮಲಗಿ ಕಾಯುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಒಡೆದು ಓದಿದೆ. ಖಾಲಿ ಕುರ್ಚಿಯ ತನಕ ಓದಿ ನಿಲ್ಲಿಸಿ, ಮುಖ ತೊಳೆದುಕೊಂಡು ಬಂದು ಮತ್ತೆ ಓದಿದೆ.

ಮರುದಿನ ಊಟದ ಹೊತ್ತಿಗೆ ಎಲ್ಲರೂ ಕೇಳಿದರು, ನಿನ್ನ ಗಿರಾಕಿಯ ಕಾಗದ ಯಾಕೋ ಬಂದೇ ಇಲ್ಲವಲ್ಲ ಅಂತ. "ಗಿರಾಕಿ ಅಲ್ಲ, ಅದು ನಮ್ಮಪ್ಪ" ಎಂದೆ. ಯಾರೂ ನಗಲಿಲ್ಲ. ನಾನು ತಟ್ಟೆ ನೋಡುತ್ತಾ ಕೂತಿದ್ದೆ. ಫೋನ್ ಎತ್ತಿದ ಹುಡುಗಿ ಮಾತ್ರ ಮೆಲ್ಲಗೆ, "ನಮ್ಮಪ್ಪ ನಂಗೆ ಒಂದು ಕಾಗದಾನೂ ಬರೆದಿಲ್ಲ ಕಣೆ" ಅಂದಳು.

ಮುಂದಿನ ವಾರ ಬರುತ್ತೇನೆ. ಹೋಸ್ಟಿಗೆ ಒಂದು ಸ್ವಂತ ಪಾಸ್‌ವರ್ಡ್ ಇಟ್ಟು, ಅದನ್ನು ಚೀಟಿಯಲ್ಲಿ ಬರೆದು ಹೊರಗೆ ಭದ್ರವಾಗಿ ಇಡೋಣ. ಹಿರಿಯ ಸಿಸ್ಟರ್ ಹತ್ತಿರ ಕೊಡೋಣ, ಗುಟ್ಟು ಇಟ್ಟುಕೊಳ್ಳಲು ಅವರಿಗೆ ಬರುತ್ತದೆ. ಸಮವಸ್ತ್ರದಲ್ಲೇ ಬರುತ್ತೇನೆ, ಯಾರೆಂದು ಕೇಳಿದವರಿಗೆ ನೀವೇ ಹೇಳಿ.

ಸೆಪ್ಟೆಂಬರ್ ನಾಲ್ಕರ ನಿಮ್ಮ ಕಾಗದ ತಲುಪಿತು ಅಪ್ಪ.

ಚಿನಕುರಳಿ